ಮೇಲೆ ಹೋದ ಗುಂಡು

ಕೊಡಗಿನ ಹುತ್ತರಿಯಲ್ಲಿ ಮೊದಲ ಕದಿರನ್ನು ಕೊಯ್ಯುವಾಗ ಬಂದೂಕು ಹಾರುತ್ತದೆ. ಹೊಸ ಬೆಳೆ ಮನೆಗೆ ಬರುತ್ತಿದೆಯೆಂದು ಊರಿಗೆ ಸಾರುವ ದನಿಯದು. ಆ ಸಂಭ್ರಮವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ದನಿಯಂತೆ ಸೀಸವು ಗಾಳಿಯಲ್ಲಿ ಕರಗಿಹೋಗುವುದಿಲ್ಲ.

ನೆಟ್ಟನೆ ಮೇಲೇರಿದ ರೈಫಲ್ಲಿನ ಗುಂಡು ಎರಡು ಕಿಲೋಮೀಟರಿಗೂ ಮಿಕ್ಕ ಎತ್ತರವನ್ನು ಮುಟ್ಟಿ ಮರಳುತ್ತದೆ. ಗಾಳಿಯ ತಡೆಯಿಂದ ವೇಗ ಕುಗ್ಗುವುದೇನೋ ನಿಜ. ಆದರೂ ನೆಲಕ್ಕೆ ತಾಕುವಾಗ ಸೆಕೆಂಡಿಗೆ ಸುಮಾರು 90 ಮೀಟರು ಉಳಿದಿರುತ್ತದೆ. ಚರ್ಮವನ್ನು ಭೇದಿಸಲು 60 ಸಾಕು. ಓರೆಯಾಗಿ ಹಾರಿದ್ದು ಇನ್ನೂ ಕ್ರೂರ, ಅದರ ವೇಗ ಅಷ್ಟಾಗಿ ತಗ್ಗದು. ಮದುವೆಯ ದಿಬ್ಬಣದ ಮತ್ತಿನಲ್ಲಿ ಲಂಬಕೋನವನ್ನು ಅಳೆದು ಗುರಿಯಿಡುವ ಮಹಾನುಭಾವರು ಎಷ್ಟು ಮಂದಿ?

2003ರ ಕಡೆಯ ರಾತ್ರಿ ಪೋರ್ಟೊ ರಿಕೊ ದ್ವೀಪದಲ್ಲಿ ಹೊಸವರ್ಷವನ್ನು ಇದಿರುಗೊಂಡ ಗುಂಡುಗಳು 19 ಮಂದಿಗೆ ತಾಕಿದವು. ಅವರಲ್ಲಿ ಒಬ್ಬರು ಅಳಿದರು. ನಮ್ಮಲ್ಲಿಯೂ 2019ರಲ್ಲಿ ಆಯುಧ ಕಾಯಿದೆಯನ್ನು ತಿದ್ದಿ, ಸಂಭ್ರಮಕ್ಕಾಗಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಪರರಿಗೆ ಅಪಾಯ ತರುವವನಿಗೆ 2 ವರ್ಷದವರೆಗೆ ಸೆರೆ, ಇಲ್ಲವೆ 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಲಾಗಿದೆ. ಕಷ್ಟವಿರುವುದು ಬಿದ್ದ ಗುಂಡಿನ ಒಡೆಯನನ್ನು ಹುಡುಕುವುದರಲ್ಲಿ. ಹಾರಿಸಿದಾತನು ಆ ವೇಳೆಗೆ ಎಲ್ಲಿಯೋ ದೂರದಲ್ಲಿ, ಪಂಕ್ತಿಯಲ್ಲಿ ಊಟಕ್ಕೆ ಕುಳಿತಿರುತ್ತಾನೆ; ಕೂಗು ಅವನಿಗೆ ಕೇಳಿಸುವುದೇ ಇಲ್ಲ.