ಮಾಮನ್ ಕೊಡಲಿ: ಒಂದು ವಸ್ತುವಿನಿಂದ ಇತಿಹಾಸ ಪಾಠ

‘ಇತಿಹಾಸದ ಆಧಾರಗಳು’ ಎಂಬ ಘಟಕವನ್ನು ಬೋಧಿಸುವಾಗ ಶಾಸನ, ನಾಣ್ಯ, ಸ್ಮಾರಕ ಎಂದು ಪಟ್ಟಿ ಬರೆಸಿ ಮುಗಿಸುವುದು ಸುಲಭ. ಆದರೆ ಒಂದು ಆಧಾರ ಏನನ್ನು ಹೇಳುತ್ತದೆ, ಎಲ್ಲಿ ಮೌನವಾಗುತ್ತದೆ ಎಂಬುದು ಪಟ್ಟಿಯಿಂದ ತಿಳಿಯದು. ಅದಕ್ಕೆ ಒಂದೇ ವಸ್ತುವನ್ನು ನಿಧಾನವಾಗಿ ನೋಡಿಸಬೇಕು. ಡೆನ್ಮಾರ್ಕಿನ ಮಾಮನ್ ಕೊಡಲಿ ಇದಕ್ಕೆ ಒಳ್ಳೆಯ ಉದಾಹರಣೆ.

ಹಿನ್ನೆಲೆ

1868ರಲ್ಲಿ ಯುಟ್‌ಲ್ಯಾಂಡಿನ ಮಾಮನ್ ಗ್ರಾಮದ ಬಳಿ ಒಂದು ಸಮಾಧಿ ದಿಬ್ಬವನ್ನು ಅಗೆದಾಗ ಮರದ ಕೋಣೆಯೊಂದು ಸಿಕ್ಕಿತು. ಅದರಲ್ಲಿ ರೇಷ್ಮೆ ಮತ್ತು ಚಿನ್ನದ ಎಳೆಗಳಿದ್ದ ಬೆಲೆಬಾಳುವ ಉಡುಪು, ದೊಡ್ಡ ಮೇಣದ ಬತ್ತಿ ಹಾಗೂ ಈ ಕೊಡಲಿ ಇದ್ದವು. ಮರದ ವಾರ್ಷಿಕ ಬಳೆಗಳನ್ನು ಎಣಿಸಿ, ಕೋಣೆಯ ಮರವನ್ನು 970–71ರ ಚಳಿಗಾಲದಲ್ಲಿ ಕಡಿದದ್ದೆಂದು ನಿರ್ಧರಿಸಲಾಗಿದೆ. ಆಗ ಆಳುತ್ತಿದ್ದವನು ಹೆರಾಲ್ಡ್ ಬ್ಲೂಟೂತ್. ಮೊಬೈಲಿನ ಬ್ಲೂಟೂತ್‌ಗೆ ಅವನದೇ ಹೆಸರು ಎಂದರೆ ತರಗತಿ ಕಿವಿಗೊಡುತ್ತದೆ. ಡೇನರನ್ನು ಕ್ರೈಸ್ತರನ್ನಾಗಿಸಿದೆನೆಂದು ಅವನು ಯೆಲ್ಲಿಂಗ್ ಶಿಲಾಶಾಸನದಲ್ಲಿ ಹೇಳಿಕೊಂಡಿದ್ದಾನೆ.

ಹಂತ 1: ಕಾಣುವುದು

ಚಿತ್ರ ತೋರಿಸಿ, ಕಂಡದ್ದನ್ನು ಮಾತ್ರ ಹೇಳಿಸಿ. ಕಬ್ಬಿಣದ ಅಲಗು, ಎರಡೂ ಬದಿಗೆ ಬೆಳ್ಳಿಯ ಗೆರೆಗಳು. ಒಂದು ಬದಿಯಲ್ಲಿ ಬಳ್ಳಿಗಳ ನಡುವೆ ಸಿಲುಕಿದ ಹಕ್ಕಿ, ಇನ್ನೊಂದು ಬದಿಯಲ್ಲಿ ಕವಲೊಡೆಯುವ ಸಸ್ಯ. ಲೋಹದಲ್ಲಿ ಸಣ್ಣ ಕಾಲುವೆ ಕೊರೆದು ಬೆಳ್ಳಿ ತಂತಿಯನ್ನು ಬಡಿದು ಕೂರಿಸುವುದು ಈ ಕೆಲಸದ ಕ್ರಮ. ಬೀದರಿನ ಬಿದರಿ ಸಾಮಾನು ನೋಡಿದ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಬಳಸುವುದು ಸತು ಪ್ರಧಾನವಾದ ಮಿಶ್ರಲೋಹ. ಎರಡು ಕಲೆಗಳ ನಡುವೆ ಐತಿಹಾಸಿಕ ಸಂಬಂಧ ಕಲ್ಪಿಸಬಾರದು.

ಹಂತ 2: ಊಹಿಸುವುದು

ಇಷ್ಟು ಶ್ರಮದ ಕೊಡಲಿ ಸೌದೆ ಒಡೆಯಲು ಮಾಡಿದ್ದೇ? ಉಡುಪಿನೊಡನೆ ಸೇರಿಸಿ ನೋಡಿದರೆ ಒಡೆಯನು ಶ್ರೀಮಂತ, ಪ್ರಭಾವಿ ಎನ್ನಲು ಆಧಾರವಿದೆ. ಇದು ಕಂಡದ್ದಲ್ಲ, ಕಂಡದ್ದರಿಂದ ತರ್ಕಿಸಿದ್ದು. ಕಪ್ಪುಹಲಗೆಯ ಮೇಲೆ ಎರಡನ್ನೂ ಬೇರೆ ಕಲಂಗಳಲ್ಲಿ ಬರೆಯಿರಿ.

ಹಂತ 3: ತೀರ್ಪನ್ನು ತಡೆಹಿಡಿಯುವುದು

ಪಾಠದ ತಿರುಳು ಇಲ್ಲಿದೆ. ಆ ಹಕ್ಕಿ ನಾರ್ಸ್ ಪುರಾಣದ ಗುಲ್ಲಿನ್‌ಕಾಂಬಿ ಎಂಬ ಹುಂಜವಿರಬಹುದು. ಕ್ರೈಸ್ತರಿಗೆ ಪುನರ್ಜೀವನದ ಸಂಕೇತವಾದ ಫೀನಿಕ್ಸ್ ಕೂಡ ಇರಬಹುದು. ಸಸ್ಯವು ಇಗ್‌ಡ್ರಾಸಿಲ್ ಎಂಬ ವಿಶ್ವವೃಕ್ಷವೋ ಕ್ರೈಸ್ತರ ಜೀವವೃಕ್ಷವೋ? ದಿಬ್ಬದೊಳಗೆ ಆಯುಧದೊಡನೆ ಹೂಳಿರುವುದು ಹಳೆಯ ಪದ್ಧತಿಯತ್ತ, ಮೇಣದ ಬತ್ತಿ ಹೊಸ ಮತದತ್ತ ಬೆರಳು ಮಾಡುತ್ತವೆ. ಮತಾಂತರದ ಕಾಲದಲ್ಲಿ ಎರಡೂ ಒಬ್ಬನ ಬದುಕಿನಲ್ಲೇ ಜೊತೆಗಿದ್ದಿರಬಹುದು.

‘ಸರಿ ಉತ್ತರ ಯಾವುದು, ಸರ್?’ ಎಂದು ಮಕ್ಕಳು ಕೇಳುತ್ತಾರೆ. ಪರಿವೀಕ್ಷಕರು ಹಿಂದೆ ಕುಳಿತಿರುವಾಗ ಒಂದನ್ನು ಹೇಳಿಬಿಡಬೇಕೆಂದು ಪ್ರಶಿಕ್ಷಣಾರ್ಥಿಗೆ ಅನಿಸುವುದು ಸಹಜ. ಹೇಳಬೇಡಿ. ಆಧಾರವನ್ನು ಮೀರಿ ನುಡಿಯದಿರುವುದೇ ಇತಿಹಾಸದ ಶಿಸ್ತು. ಅದನ್ನು ಮಕ್ಕಳು ಕಲಿಯುವುದು ಶಿಕ್ಷಕರನ್ನು ನೋಡಿಯೇ.

ಮೌಲ್ಯಮಾಪನ

‘ಕೊಡಲಿಯ ಒಡೆಯನ ನಂಬಿಕೆ ಯಾವುದು? ಎರಡು ಆಧಾರ ಕೊಡಿ’ ಎಂದು ಕೇಳಿ. ಅಂಕ ಆಯ್ಕೆಗಲ್ಲ, ಕೊಟ್ಟ ಕಾರಣಕ್ಕೆ. ‘ನಿಶ್ಚಯವಾಗಿ ಹೇಳಲಾಗದು’ ಎಂದು ಕಾರಣಸಹಿತ ಬರೆದವನಿಗೂ ಪೂರ್ಣ ಅಂಕ ಸಲ್ಲಬೇಕು.