ಮಾರಲಾಗದ ಮಾಂಸ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರದಿಂದ ಒಂಬತ್ತು ದಿನ ಕೋವಿಯ ಜಿಂಕೆ ಬೇಟೆ. ಪೆನ್ಸಿಲ್ವೇನಿಯಾದ ಹಳ್ಳಿಗಾಡಿನಲ್ಲಿ ಹಬ್ಬದ ಮರುವಾರದ ಸೋಮವಾರ ಎಷ್ಟೋ ಶಾಲೆಗಳಿಗೆ ಇದಕ್ಕಾಗಿಯೇ ರಜೆ ಕೊಡುವ ರೂಢಿ. ಅಜ್ಜ, ಮಗ, ಮೊಮ್ಮಗಳು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಬೆಳಕು ಹರಿಯುವ ಮೊದಲೇ ಅಟ್ಟಣೆ ಏರಿ ಕೂರುತ್ತಾರೆ. ನೋಡಿದವರಿಗೆ ಇದು ಕಾಡು ಕಡಿದು ಹೊಲ ಮಾಡಿದ ಮೊದಲ ರೈತರ ಕಾಲದಿಂದ ತಾನಾಗಿ ಹರಿದುಬಂದ ಪದ್ಧತಿ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಇವತ್ತು ಕಾಣುವ ಈ ಮನೆತನದ ಬೇಟೆಯನ್ನು ಉಳಿಸಿ ಬೆಳೆಸಿದ್ದು ಕಾನೂನು. ಅದರ ಬುಡದಲ್ಲಿರುವ ಕಟ್ಟಳೆ ಇದು: ಹೊಡೆದ ಕಾಡುಜಿಂಕೆಯ ಮಾಂಸವನ್ನು ಮಾರುವಂತಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಆ ತಡೆ ಇರಲಿಲ್ಲ. ಬೇಟೆಯನ್ನೇ ಕಸುಬು ಮಾಡಿಕೊಂಡವರು ಹೊಡೆದ ಜಿಂಕೆಗಳು ರೈಲೇರಿ ನಗರದ ಮಾರುಕಟ್ಟೆ ಸೇರುತ್ತಿದ್ದವು. 1900ರ ಹೊತ್ತಿಗೆ ಬಿಳಿಬಾಲದ ಜಿಂಕೆಗಳ ಸಂಖ್ಯೆ ದೇಶದಲ್ಲಿ ಸುಮಾರು 5 ಲಕ್ಷಕ್ಕೆ ಇಳಿದಿತ್ತೆಂದು ಅಂದಾಜು. ಆ ವರ್ಷವೇ ಬಂದ ಲೇಸಿ ಕಾಯ್ದೆ, ಕಾನೂನು ಮೀರಿ ಹೊಡೆದ ಪ್ರಾಣಿಯನ್ನು ರಾಜ್ಯದ ಗಡಿ ದಾಟಿಸಿ ಮಾರುವ ದಾರಿಯನ್ನು ಮುಚ್ಚಿತು. ರಾಜ್ಯಗಳು ಮಾರಾಟ ನಿಲ್ಲಿಸಿದವು, ಬೇಟೆಗೆ ಕಾಲ ಗೊತ್ತುಮಾಡಿದವು, ತಲೆಗಿಷ್ಟೇ ಎಂದು ಮಿತಿ ಹಾಕಿದವು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಿಂದ ಬೇಟೆ ಬಂದೂಕು ಮತ್ತು ತೋಟಾಗಳ ಮೇಲಿನ 11% ಸುಂಕ ವನ್ಯಜೀವಿ ಸಂರಕ್ಷಣೆಗೆ ಹೋಗತೊಡಗಿತು. ಈಗ ಆ ಜಿಂಕೆಗಳು ಸುಮಾರು 3 ಕೋಟಿ. ಪೇಟೆಯ ಹಸಿವಿಗೆ ಕೊನೆಯಿಲ್ಲ, ಮನೆಯ ಹಸಿವಿಗೆ ಇದೆ. ಒಂದು ಜಿಂಕೆ ಹೊಡೆದರೆ ಅದಕ್ಕೆ ಕೊಟ್ಟ ಪರವಾನಗಿ ಚೀಟಿ ಅಲ್ಲಿಗೆ ಮುಗಿಯಿತು. ಕರುಳು ತೆಗೆದ ಜಿಂಕೆಯನ್ನು ಕೊಟ್ಟಿಗೆಯ ತೊಲೆಗೆ ನೇತುಹಾಕಿ, ಚಳಿಯಲ್ಲಿ ಆರಲು ಬಿಟ್ಟು, ಆಮೇಲೆ ಅಡುಗೆಮನೆಯ ಮೇಜಿನ ಮೇಲೆ ಎಲ್ಲರೂ ಸೇರಿ ಕೊಯ್ಯುತ್ತಾರೆ. ಒಬ್ಬರು ಬಿಳಿ ಕೊಬ್ಬನ್ನು ಬಿಡಿಸಿದರೆ, ಇನ್ನೊಬ್ಬರು ದಪ್ಪ ಕಾಗದದಲ್ಲಿ ತುಂಡುಗಳನ್ನು ಸುತ್ತಿ ಮೇಲೆ ತಾರೀಖು ಬರೆಯುತ್ತಾರೆ. ಮಾರುವಂತಿಲ್ಲದ್ದರಿಂದ ಮಿಕ್ಕಿದ್ದು ನೆರೆಮನೆಗೆ ಹೋಗುತ್ತದೆ. ಪಾಲು ಹಂಚುವ ಈ ಕೆಲಸದಲ್ಲೇ ಸಂಪ್ರದಾಯದ ಜೀವವಿದೆ. ಗೋಡೆಗೆ ಬಡಿದ ಕೊಂಬಿನಲ್ಲಿ ಅಲ್ಲ.

ಸಾಧು ಪ್ರಾಣಿಯನ್ನು ಕೊಂದು ಸಂಭ್ರಮಿಸುವುದೇ ಎಂದು ಕೇಳುವವರಿದ್ದಾರೆ. ಆ ನೋವು ನಿಜ, ಅದನ್ನು ತಳ್ಳಿಹಾಕಬಾರದು. ಆದರೆ ಆ ದೇಶದ ಪೂರ್ವಭಾಗದ ಬಹುಪಾಲು ಕಡೆ ತೋಳವನ್ನೂ ಕೂಗರ್ ಎಂಬ ಬೆಕ್ಕಿನ ಜಾತಿಯ ದೊಡ್ಡ ಪ್ರಾಣಿಯನ್ನೂ ಮನುಷ್ಯರೇ ಅಳಿಸಿಹಾಕಿದ್ದಾರೆ. ಬೇಟೆ ನಿಂತರೆ ಜಿಂಕೆ ಕಾಡಿನ ಎಳೆಸಸಿಗಳನ್ನೆಲ್ಲ ಮೇದು, ಚಳಿಗಾಲದಲ್ಲಿ ಮೇವಿಲ್ಲದೆ ಸಾಯುತ್ತದೆ, ಇಲ್ಲವೇ ಹೆದ್ದಾರಿಯಲ್ಲಿ ಕಾರಿಗೆ ಸಿಕ್ಕಿ ಸಾಯುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಕೊಂಬಿನ ಗಂಡನ್ನಷ್ಟೇ ಹೊಡೆದರೆ ಸಂಖ್ಯೆ ತಗ್ಗುವುದಿಲ್ಲ, ಹೆಣ್ಣುಜಿಂಕೆಯನ್ನೂ ಹೊಡೆಯಬೇಕು. 1940ರ ದಶಕದಲ್ಲಿ ಪರಿಸರ ಚಿಂತಕ ಆಲ್ಡೋ ಲಿಯೋಪೋಲ್ಡ್ ವಿಸ್ಕಾನ್ಸಿನ್‌ನಲ್ಲಿ ಇದನ್ನೇ ಹೇಳಿದಾಗ ಬೇಟೆಗಾರರೇ ಸಿಡಿದೆದ್ದರು. ಅಜ್ಜ ಹೇಳಿದ್ದೆಲ್ಲ ಸರಿ ಎಂಬ ಹಟ ಸಂಪ್ರದಾಯದಲ್ಲಿ ಇದ್ದೇ ಇರುತ್ತದೆ. ಇಂದು ಹೆಣ್ಣುಜಿಂಕೆಗೂ ಬೇರೆ ಪರವಾನಗಿ ಕೊಡುತ್ತಾರೆ.

ಹಾಗಾದರೆ ನಮ್ಮಲ್ಲೂ ಬೇಟೆಗೆ ಬಿಡಬಹುದಲ್ಲ ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ನಾಗರಹೊಳೆ, ಬಂಡೀಪುರಗಳಲ್ಲಿ ಹುಲಿ, ಚಿರತೆ, ಸೀಳುನಾಯಿ ಇನ್ನೂ ಇವೆ. ಚುಕ್ಕೆಜಿಂಕೆ, ಕಡವೆ ಅವುಗಳ ಅನ್ನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಅವುಗಳ ಬೇಟೆ ಅಪರಾಧ. ಬೇಟೆಯ ನೆನಪು ಗಾಢವಾಗಿರುವ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಇಂದಿಗೂ ಕೋವಿಗೆ ಪೂಜೆಯಿದೆ. ಗುರಿ ಮಾತ್ರ ತೆಂಗಿನಕಾಯಿ.

ಅಮೆರಿಕದಲ್ಲಿ ಆತಂಕ ಬೇರೆ. ಅಲ್ಲಿನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 2011ರಲ್ಲಿ 1.37 ಕೋಟಿ ಇದ್ದ ಎಲ್ಲ ಬಗೆಯ ಬೇಟೆಗಾರರು 2016ರಲ್ಲಿ 1.15 ಕೋಟಿಗೆ ಇಳಿದರು. ಮಕ್ಕಳು ನಗರ ಸೇರಿದ್ದಾರೆ. ಪೆನ್ಸಿಲ್ವೇನಿಯಾ ಜಿಂಕೆ ಬೇಟೆಗೆ 1963ರಿಂದ ನಡೆದುಬಂದ ಸೋಮವಾರದ ಆರಂಭವನ್ನು 2019ರಲ್ಲಿ ಶನಿವಾರಕ್ಕೆ ತಂದಿದ್ದು ದುಡಿಯುವವರಿಗೂ ಓದುವವರಿಗೂ ಬಿಡುವಾಗಲೆಂದು. ಹಳೆಯ ಬೇಟೆಗಾರರಲ್ಲಿ ಹಲವರು ಅದಕ್ಕೆ ಸಿಟ್ಟಾದರು. ಇತ್ತ ಕೆಲವು ಪಟ್ಟಣಗಳು ಜಿಂಕೆ ತಗ್ಗಿಸಲು ತೆರಿಗೆ ಹಣದಿಂದ ಗುರಿಕಾರರನ್ನು ಕರೆಸುತ್ತಿವೆ.