ಬೆಟ್ಟವಿಳಿದ ಹಳೆಯ ಸೈಕಲ್ಲುಗಳು

ಅಂಗಡಿಯಿಂದ ತಂದ ಸೈಕಲ್ಲು ತಂದ ಹಾಗೆಯೇ ಉಳಿಯುವುದು ಅಪರೂಪ. ಹಾಲು ಮಾರುವವರು ಕ್ಯಾರಿಯರಿನ ಎರಡೂ ಬದಿಗೆ ಕೊಕ್ಕೆ ಹಾಕಿಸಿ ಕ್ಯಾನುಗಳನ್ನು ತೂಗಹಾಕುತ್ತಾರೆ. ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುವವರು ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪೆಡಲು ತುಳಿದು ಸಾಣೆಕಲ್ಲನ್ನು ತಿರುಗಿಸುತ್ತಾರೆ. ತನ್ನ ಕೆಲಸಕ್ಕೆ, ತನ್ನ ಮೈಕಟ್ಟಿಗೆ, ತಾನು ಹೋಗುವ ದಾರಿಗೆ ಒಗ್ಗುವಂತೆ ಸೈಕಲ್ಲನ್ನು ಮಾರ್ಪಡಿಸಿಕೊಳ್ಳುವುದು ಎಲ್ಲ ದೇಶಗಳಲ್ಲೂ ಇದೆ. ಅಂಥ ಮಾರ್ಪಾಟಿನಿಂದಲೇ ಒಂದು ಹೊಸ ಜಾತಿಯ ಸೈಕಲ್ಲು ಹುಟ್ಟಿದ ಬಗೆಯನ್ನು ವಿದ್ಯಾರ್ಥಿಗಳು ತಿಳಿಯುವುದು ಒಳ್ಳೆಯದು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಸಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ ಮರಿನ್ ಎಂಬ ಗುಡ್ಡಗಾಡು ಪ್ರದೇಶವಿದೆ. ಅಲ್ಲಿನ ಟ್ಯಾಮಲ್‌ಪೈಸ್ ಬೆಟ್ಟದ ಎತ್ತರ ಸುಮಾರು 780 ಮೀಟರ್. 1970ರ ದಶಕದಲ್ಲಿ ಅಲ್ಲಿನ ಕೆಲವು ಯುವಕರಿಗೆ ಬೆಟ್ಟದ ಮಣ್ಣುದಾರಿಗಳಲ್ಲಿ ಸೈಕಲ್ ಬಿಡುವ ಹುಚ್ಚು ಹಿಡಿಯಿತು. ಅವರಲ್ಲಿ ಹಲವರು ರಸ್ತೆಯ ಪಂದ್ಯಗಳಲ್ಲಿ ಓಡಿಸುತ್ತಿದ್ದವರೇ. ಆದರೆ ಪಂದ್ಯದ ಸೈಕಲ್ಲಿನ ತೆಳು ಟಯರು ಕಲ್ಲುದಾರಿಗೆ ತಾಳುವುದಿಲ್ಲ. ಆದ್ದರಿಂದ ಅವರು 1930 ಮತ್ತು 40ರ ದಶಕಗಳಲ್ಲಿ ಶ್ವಿನ್ ಮುಂತಾದ ಕಂಪೆನಿಗಳು ತಯಾರಿಸಿದ್ದ, ಎರಡು ಇಂಚಿಗೂ ದಪ್ಪನಾದ ಟಯರಿನ ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದರು. ಮಡ್‌ಗಾರ್ಡು, ಚೈನ್ ಕವರು ಎಲ್ಲವನ್ನೂ ಕಳಚಿದರು. ಇವಕ್ಕೆ ‘ಕ್ಲಂಕರ್’ ಎಂದು ಹೆಸರಾಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಲಟಾರಿ ಗಾಡಿ!

1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಈ ಗೆಳೆಯರು ಒಂದು ಇಳಿಜಾರಿನ ಪಂದ್ಯ ನಡೆಸಿದರು. ದಾರಿಯ ಉದ್ದ ಸುಮಾರು ಮೂರೂಕಾಲು ಕಿಲೋಮೀಟರ್. ಇಳಿತ ಸುಮಾರು 400 ಮೀಟರ್. ಒಬ್ಬೊಬ್ಬರನ್ನೇ ಎರಡೆರಡು ನಿಮಿಷಕ್ಕೆ ಬಿಟ್ಟು, ಮೇಲೊಂದು ಕೆಳಗೊಂದು ಗಡಿಯಾರ ಇಟ್ಟು, ಹಿಡಿದ ವೇಳೆಯನ್ನು ಬರೆದುಕೊಳ್ಳುತ್ತಿದ್ದರು. ಚಾರ್ಲಿ ಕೆಲ್ಲಿ ಎಂಬವರು ಇದರ ವ್ಯವಸ್ಥಾಪಕರು. ವೆಂಡಿ ಕ್ರ್ಯಾಗ್ ಎಂಬ ಮಹಿಳೆಯೂ ಪಂದ್ಯದಲ್ಲಿ ಓಡಿಸುತ್ತಿದ್ದರು; ಆ ಕಾಲದ ಚಿತ್ರಗಳು ನಮಗೆ ಉಳಿದಿರುವುದು ಬಹುಮಟ್ಟಿಗೆ ಅವರ ಕ್ಯಾಮರಾದಿಂದ.

ಈ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದುದರಲ್ಲಿ ಒಂದು ವಿಜ್ಞಾನಪಾಠವಿದೆ. ಹಳೆಯ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ಹಬ್ಬಿನೊಳಗೆ ಇರುವ ಬ್ರೇಕು ಹಿಡಿಯುತ್ತದೆ. ಸವಾರನೂ ಸೈಕಲ್ಲೂ ಸೇರಿ 100 ಕಿಲೋ ತೂಕವೆಂದು ಇಟ್ಟುಕೊಳ್ಳೋಣ. ಅಷ್ಟು ತೂಕ 400 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿಯಿಂದ ಒಂದು ಲೀಟರ್ ತಣ್ಣೀರನ್ನು ಕುದಿ ಬರಿಸಬಹುದು! ಅದರಲ್ಲಿ ಸ್ವಲ್ಪ ಪಾಲು ಗಾಳಿಗೂ ನೆಲಕ್ಕೂ ಹೋಗುತ್ತದೆ. ಮಿಕ್ಕದ್ದೆಲ್ಲ ಘರ್ಷಣೆಯಿಂದ ಶಾಖವಾಗಿ ಆ ಪುಟ್ಟ ಹಬ್ಬಿನೊಳಗೇ ಸೇರಬೇಕು. ಆಗ ಒಳಗಿನ ಗ್ರೀಸು ಬೆಂದು ಹೊಗೆಯಾಡುತ್ತಿತ್ತು. ಪಂದ್ಯ ಮುಗಿದ ಮೇಲೆ ಹಬ್ಬನ್ನು ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಹೀಗೆ ಮರಳಿ ತುಂಬುವುದೇ ‘ರೀಪ್ಯಾಕ್’.

ಪ್ರತಿಯೊಂದು ಪಂದ್ಯವೂ ಒಂದು ಪರೀಕ್ಷೆಯಾಯಿತು. ಮುರಿದದ್ದನ್ನು ಗಟ್ಟಿ ಮಾಡಿದರು. ಒಬ್ಬರು ಕಂಡುಕೊಂಡ ಉಪಾಯವನ್ನು ಇನ್ನೊಬ್ಬರು ನೋಡಿ ಕಲಿತರು. ಗ್ಯಾರಿ ಫಿಷರ್ ಎಂಬವರು ತಮ್ಮ ಸೈಕಲ್ಲಿಗೆ ಡ್ರಮ್ ಬ್ರೇಕು, ಮೋಟಾರ್ ಸೈಕಲ್ಲಿನ ಬ್ರೇಕ್ ಹಿಡಿ ಮತ್ತು ಗೇರುಗಳನ್ನು ಜೋಡಿಸಿದರು. ಗೇರು ಬಂದ ಮೇಲೆ, ಇಳಿಯುವುದು ಮಾತ್ರವಲ್ಲ, ಏರುವುದೂ ಸಾಧ್ಯವಾಯಿತು. ಸಣ್ಣ ಗೇರಿನಲ್ಲಿ ಪೆಡಲು ಒಂದು ಸುತ್ತು ಬಂದರೆ ಚಕ್ರ ಸ್ವಲ್ಪವೇ ತಿರುಗುತ್ತದೆ. ದೂರ ಕಡಿಮೆ, ಆದರೆ ಕಾಲಿಗೆ ಶ್ರಮವೂ ಕಡಿಮೆ.

ಹಳೆಯ ಫ್ರೇಮುಗಳು ಎಷ್ಟು ದಿನ ತಾಳಿಯಾವು? 1977ರಲ್ಲಿ ಜೋ ಬ್ರೀಜ್ ಎಂಬವರು ಬೆಟ್ಟದ ದಾರಿಗೆಂದೇ ಗಟ್ಟಿಯಾದ ಮಿಶ್ರ ಉಕ್ಕಿನ ಕೊಳವೆಗಳಿಂದ ಹೊಸ ಫ್ರೇಮು ಕಟ್ಟಿದರು. ಮೊದಲ ಸಾಲಿನಲ್ಲಿ ಅವರು ಕೈಯಾರೆ ಮಾಡಿದ್ದು ಹತ್ತೇ ಸೈಕಲ್ಲು. ಅವುಗಳಲ್ಲಿ ಮೊದಲನೆಯದು ಈಗ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. 1979ರಲ್ಲಿ ಫಿಷರ್ ಮತ್ತು ಕೆಲ್ಲಿ, ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನು ಬಳಸಿ ‘ಮೌಂಟನ್ ಬೈಕ್ಸ್’ ಎಂಬ ಸಣ್ಣ ವ್ಯಾಪಾರ ಆರಂಭಿಸಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪೆನಿ ಇಂಥ ಸೈಕಲ್ಲನ್ನು ಕಾರ್ಖಾನೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಮಾಡಿಸಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಬೆಟ್ಟದ ಸೈಕಲ್ ಸ್ಪರ್ಧೆ ಸೇರಿತು. ಇಂದು ನಮ್ಮ ಪೇಟೆಯ ಅಂಗಡಿಗಳಲ್ಲಿ ಕಾಣುವ ದಪ್ಪ ಟಯರಿನ ಗೇರು ಸೈಕಲ್ಲಿಗೆ ಆ ಲಟಾರಿ ಗಾಡಿಗಳೇ ಅಜ್ಜಂದಿರು.

ಆದರೆ ಬೆಟ್ಟ ಸವಾರರೊಬ್ಬರದೇ ಅಲ್ಲವಷ್ಟೆ. ರಭಸದಿಂದ ಇಳಿಯುವ ಸೈಕಲ್ಲುಗಳಿಂದ ಕಾಲ್ನಡಿಗೆಯವರೂ ಕುದುರೆ ಸವಾರರೂ ಬೆದರಿದರು, ದೂರುಗಳು ಹೋದವು, ಹಲವು ಕಾಲುದಾರಿಗಳು ಸೈಕಲ್ಲಿಗೆ ಮುಚ್ಚಿದವು. 1988ರಲ್ಲಿ ಕ್ಯಾಲಿಫೋರ್ನಿಯಾದ ಸವಾರರ ಸಂಘಗಳು ಒಂದುಗೂಡಿ ಒಂದು ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಿದವು. ನಡೆಯುವವರಿಗೆ ದಾರಿ ಬಿಡುವುದು, ವೇಗವನ್ನು ಹತೋಟಿಯಲ್ಲಿಡುವುದು, ದಾರಿಯನ್ನು ಕೆಡಿಸದಿರುವುದು ಮುಂತಾದ ನಿಯಮಗಳನ್ನು ತಮಗೆ ತಾವೇ ವಿಧಿಸಿಕೊಂಡರು. ದಾರಿ ರಿಪೇರಿಗೆ ತಾವೇ ಗುದ್ದಲಿ ಹಿಡಿದರು.

ವಿದ್ಯಾರ್ಥಿಗಳೇ, ಅಣ್ಣನಿಂದಲೋ ಮಾವನಿಂದಲೋ ಬಂದ ಹಳೆಯ ಸೈಕಲ್ಲು ನಿಮ್ಮದಾದರೆ ನಾಚಬೇಕಾಗಿಲ್ಲ. ಸೈಕಲ್ ಶಾಪಿನವರು ಹಬ್ಬು ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಿ. ಗ್ರೀಸು ಹಚ್ಚುವುದನ್ನು, ಚೈನು ಬಿಗಿ ಮಾಡುವುದನ್ನು ಕಲಿಯಿರಿ. ಆದರೆ ಮರಿನ್ನಿನವರಂತೆ ಇಳಿಜಾರಿನಲ್ಲಿ ಪಂದ್ಯ ಕಟ್ಟಬೇಡಿ. ಅವರ ಮೊದಲ ಪಂದ್ಯದಲ್ಲೇ ಒಬ್ಬರ ಹೊರತು ಎಲ್ಲರೂ ಬಿದ್ದಿದ್ದರು! ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟೆ: ಮಕ್ಕಳ ಸೈಕಲ್ಲಿಗೆ ಹೊಸ ಬಣ್ಣ ಹಾಕಿಸುವ ಮೊದಲು ಬ್ರೇಕಿನ ರಬ್ಬರು ಸವೆದಿದೆಯೇ ಎಂದು ನೋಡಿ.